ಹಳಿಗೆ ಹಚ್ಚಿದ ಎಣ್ಣೆ

ಅಣ್ಣ ತೀರಿಕೊಂಡ ಮೇಲೆ ಅವನ ಪುಟ್ಟ ರೈಲು ಹೊನ್ನಾವರ ದಾಟಲಿಲ್ಲ. ನಿವೃತ್ತಿಯಾದ ಮೇಲೆ ಅವನು ಹೊರಕೋಣೆಯ ಉದ್ದನೆಯ ಮೇಜಿನ ಮೇಲೆ ಕೂರಿಸಿದ ರೈಲುದಾರಿ ಅದು. ಕುಮಟಾದಿಂದ ಹೊರಟು, ಹೊನ್ನಾವರದ ಸೇತುವೆ ಹಾದು, ಮುರ್ಡೇಶ್ವರದಲ್ಲಿ ನಿಂತು ಭಟ್ಕಳ ಸೇರುತ್ತಿತ್ತು. ಭಟ್ಕಳ ಅತ್ತಿಗೆಯ ತವರು. ಈಗ ಎಂಜಿನ್ ಸೇತುವೆಯವರೆಗೆ ಹೇಗೋ ಬಂದು, ನಡುಗಿ, ನಿಂತುಬಿಡುತ್ತಿತ್ತು.

"ಓಡದಿದ್ರೆ ಬಿಚ್ಚಿ ತೆಗ್ದುಬಿಡು ತಂಗಿ. ಅದು ನಿಂತದ್ದು ನೋಡೂಕೆ ಆಗುದಿಲ್ಲ ನಂಗೆ" ಎಂದಳು ಅತ್ತಿಗೆ.

ಶಾಲೆಯಲ್ಲಿ ವಿಜ್ಞಾನ ಕಲಿಸಿ ತಲೆ ಹಣ್ಣಾದವಳು ನಾನು, ಇಷ್ಟು ಚಿಕ್ಕ ಯಂತ್ರಕ್ಕೆ ಸೋಲುವುದುಂಟೆ ಎಂದು ಕೂತೆ. ಎಂಜಿನ್ ಮಗುಚಿ ಚಕ್ರಗಳಿಗೆ ನೇರವಾಗಿ ವಯರ್ ಮುಟ್ಟಿಸಿದೆ. ಗಿರ್ರೆಂದು ತಿರುಗಿದವು. ಹಾಗಾದರೆ ಎಂಜಿನ್ ಸರಿಯಿದೆ. ಹಳಿಯ ಪ್ರತಿ ಜೋಡಣೆಗೂ ವಯರಿನ ಮೊನೆ ಒತ್ತಿ ಪುಟ್ಟ ಬಲ್ಬು ಹಿಡಿದು ನೋಡಿದೆ. ಎಲ್ಲ ಕಡೆ ಉರಿಯಿತು. ಕರೆಂಟೂ ಇದೆ, ಎಂಜಿನ್ನೂ ಇದೆ, ರೈಲು ಮಾತ್ರ ಓಡದು. ನನಗೆ ಪಿತ್ತ ನೆತ್ತಿಗೇರಿತು.

ಸಿಟ್ಟಿನಲ್ಲಿ ಹಳಿಯ ಮೇಲೆ ಬೆರಳೆಳೆದೆ. ಜಾರಿತು. ಮೂಸಿದರೆ ಕೊಬ್ಬರಿ ಎಣ್ಣೆ.

ನಮ್ಮ ಕಡೆ ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಈಳಿಗೆ, ಕತ್ತರಿ, ಬಾಗಿಲ ಚಿಲಕ, ಎಲ್ಲಕ್ಕೂ ಅತ್ತಿಗೆ ತಪ್ಪದೆ ಎಣ್ಣೆ ಸವರುತ್ತಾಳೆ. ಹಳಿಗೂ ಸವರಿದ್ದಳು. ಅದು ತುಕ್ಕು ಹಿಡಿಯುವ ಲೋಹವೇ ಅಲ್ಲ. ಎಣ್ಣೆಗೆ ಧೂಳು ಕೂತು, ಹಳಿಯಿಂದ ಚಕ್ರಕ್ಕೆ ಕರೆಂಟು ಸಿಗದಂತೆ ಕಪ್ಪು ಪದರ ಕಟ್ಟಿತ್ತು; ವಯರಿನ ಮೊನೆ ಮಾತ್ರ ಅದನ್ನು ಚುಚ್ಚಿ ದಾಟಿತ್ತು. ಅತ್ತಿಗೆಯನ್ನು ಕರೆದು ಎರಡು ಮಾತು ಹೇಳಲೇಬೇಕು ಅಂದುಕೊಂಡೆ.

ಮೊದಲು ಒರೆಸಲು ಬಟ್ಟೆ ಬೇಕಿತ್ತು. ಮೇಜಿನ ಡ್ರಾವರ್ ಎಳೆದೆ. ಅಣ್ಣನ ಹಳೆಯ ಪಂಚೆಯ ತುಂಡುಗಳು, ಮಡಿಸಿಟ್ಟ ಒಂದು ಕಟ್ಟು. ಪ್ರತಿಯೊಂದರ ಮೇಲೂ ಹಳಿಯ ಅಗಲಕ್ಕೆ ಸರಿಯಾಗಿ ಎರಡು ಕಪ್ಪು ಗೆರೆ. ಎಲ್ಲದಕ್ಕೂ ಕೊಬ್ಬರಿ ಎಣ್ಣೆಯ ವಾಸನೆ.

ಅವಳು ಹಚ್ಚುತ್ತಿದ್ದಳು, ಇವನು ಒರೆಸಿ ಓಡಿಸುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದ ನನ್ನ ಅಣ್ಣ, ಇದೊಂದನ್ನು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಸತ್ತ ದಿನ ಗಟ್ಟಿಯಾಗಿದ್ದ ನಾನು ಆ ಡ್ರಾವರಿನ ಮುಂದೆ ಅತ್ತುಬಿಟ್ಟೆ.

ಆಮೇಲೆ ಅವನದೇ ಬಟ್ಟೆಗೆ ಸ್ಪಿರಿಟ್ ಹಾಕಿ ಹಳಿಯುದ್ದಕ್ಕೂ ಒರೆಸಿದೆ, ಚಕ್ರಗಳನ್ನೂ ಒರೆಸಿದೆ. ರೈಲು ಹೊರಟಿತು. ಸದ್ದು ಕೇಳಿ ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು. ಅದು ಸೇತುವೆ ದಾಟಿ, ಮುರ್ಡೇಶ್ವರದಲ್ಲಿ ನಿಂತು, ಭಟ್ಕಳ ಮುಟ್ಟುವವರೆಗೂ ಅವಳು ಕದಲಲಿಲ್ಲ.

"ಎಂತ ಆಗಿತ್ತು ಅದ್ಕೆ?"

"ಧೂಳು, ಅತ್ತಿಗೆ."

"ಅವ್ರೂ ಹಂಗೇ ಹೇಳ್ತಿದ್ರು" ಎಂದು ಕಣ್ಣೊರೆಸಿಕೊಂಡಳು. "ಆತು, ಇನ್ನು ಬಿಚ್ಚುದು ಬೇಡ." ಹಳಿಗೆ ಸವರಲು ಎಣ್ಣೆ ಬಟ್ಟಲು ತರುತ್ತೇನೆಂದು ಒಳಗೆ ಹೋದಳು.

ನಾನು ಅಣ್ಣನ ಇನ್ನೊಂದು ಹಳೆಯ ಪಂಚೆಯಿಂದ ಒಂದು ತುಂಡು ಕತ್ತರಿಸಿ ಡ್ರಾವರಿನಲ್ಲಿಟ್ಟೆ.