ಗುಂಡಮ್ಮ ಕಟ್ಟಿದ ದಾರ

ತೆಲುಗು ನಾಡಿನ ಬಾಲಾನಗರದ ಆ ವಠಾರದಲ್ಲಿ ಗುಂಡಮ್ಮನ ಬಾಯಿಗೆ ಹೆದರದವರಿರಲಿಲ್ಲ. ನಲ್ಲಿಯ ಪಾಳಿಯಲ್ಲಿ ಯಾರಾದರೂ ತಮ್ಮ ಕೊಡ ಮುಂದೆ ತಳ್ಳಿದರೋ, ಮುಗಿಯಿತು ಅವರ ಕಥೆ. ಯಾದಗಿರಿ ಕಡೆಯ ಹೆಂಗಸು, ಗಾರೆ ಹೊತ್ತು ಗಟ್ಟಿಯಾದ ಮೈ. ಗಂಡ ಚಂದ್ರಾಮನ ಎರಡೂ ಕಿಡ್ನಿ ಹೋದ ಮೇಲೆ ಅವಳು ಮೆತ್ತಗಾದಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಯಿ ಇನ್ನಷ್ಟು ಜೋರಾಯಿತು. ತನ್ನದನ್ನೇ ಕೊಡುತ್ತೇನೆಂದು ಹೋದರೆ, ಸಕ್ಕರೆ ಕಾಯಿಲೆಯವರದು ಬೇಡವೆಂದು ಡಾಕ್ಟರು ಹಿಂದಕ್ಕೆ ಕಳಿಸಿದರು. ಉಳಿದದ್ದು ಸತ್ತವರ ಕಿಡ್ನಿಗೆ ಕಾಯುವ ಪಟ್ಟಿಯೊಂದೇ.

ಡಯಾಲಿಸಿಸ್ ಮಾಡಿಸುವಲ್ಲಿ ಪರಿಚಯವಾದ ಹುಡುಗ ಚನ್ನು, ಅವನೂ ಕಿಡ್ನಿ ಹೋದವನೇ. ಯಾದಗಿರಿ ಸೀಮೆಯವನು, ತಂದೆತಾಯಿ ಇಲ್ಲ, ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡಿಕೊಂಡಿದ್ದವನು. ಗುಂಡಮ್ಮ ಗಂಡನ ಜೊತೆ ಅವನಿಗೂ ಉಪ್ಪಿಲ್ಲದ ರೊಟ್ಟಿ ಒಯ್ಯುತ್ತಿದ್ದಳು. ಉರುಸಿಗೆ ಹೋದಾಗ ದರ್ಗಾದಿಂದ ಇಬ್ಬರಿಗೂ ದಾರ ತಂದಳು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ನರ ಹೊಲಿದ ಕೈಗೆ ಏನನ್ನೂ ಕಟ್ಟಬಾರದು ಅಂತ ಡಾಕ್ಟರು ಹೇಳಿದ್ದು ಹೌದು. ಆದರೆ ಬೇನೆಯಿದ್ದಲ್ಲೇ ದಾರ ಕಟ್ಟುವುದು ಅವರೂರಿನ ರೂಢಿ, ಇಬ್ಬರಿಗೂ ಆ ಕೈಗೇ ಕಟ್ಟಿದಳು. ಚಂದ್ರಾಮ ಜಾಣ, ಮನೆಗೆ ಬಂದವನೇ ಬಿಚ್ಚಿ ದೇವರ ಗೂಡಿನಲ್ಲಿಟ್ಟ. ಚನ್ನು ಬಿಚ್ಚಲಿಲ್ಲ. ತಾಯಿಯಂಥವಳು ಕಟ್ಟಿದ್ದೆಂದು ಹಾಗೇ ಬಿಟ್ಟುಕೊಂಡ. ರಕ್ತ ಹೆಪ್ಪುಗಟ್ಟಿ ಕೈ ಬಾತಿತು. ಇನ್ನೊಂದು ಕೈಯಲ್ಲಿ ನರ ಹೊಲಿದದ್ದೂ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಇಬ್ಬರಿಗೂ ಫೋನು ಬಂತು. ಕಿಡ್ನಿ ಒಂದೇ. ಮೊದಲನೆಯವನಿಗೆ ಹೊಂದದಿದ್ದರೆ ಎಂದು ಎರಡನೆಯವನನ್ನೂ ಕರೆಸುತ್ತಾರಂತೆ. ಮೊದಲನೆಯವನು ಚನ್ನು.

ಪಟ್ಟಿ ನೋಡಿಕೊಳ್ಳುವ ಕಾವ್ಯಾ ಬೀದರದ ಹುಡುಗಿ. ಗುಂಡಮ್ಮ ನೇರ ಅವಳ ಮೇಜಿಗೇ ಹೋದಳು. "ನಮ್ಮವ್ರು ಇವನಕಿಂತ ಮೊದಲ ಹೆಸರು ಬರೆಸ್ಯಾರ್ರಿ. ಪಾಳಿ ನಮ್ದು."

"ಬರೇ ಪಾಳಿ ನೋಡಂಗಿಲ್ಲಮ್ಮ. ಸೂಜಿ ಚುಚ್ಚಾಕ ಜಾಗಾ ಇಲ್ಲದವ್ರಿಗೆ ಅಂಕ ಹೆಚ್ಚು. ಅವಂದು ಎರಡೂ ಕೈ ಹೋಗ್ಯಾವ."

"ಅಂದ್ರ ಕೈ ಜ್ವಾಪಾನ ಮಾಡಿದ್ದ ನಮ್ಮ ತಪ್ಪಾತೇನ್ರಿ? ಅವನ ಕೈ ಬ್ಯಾನಿಯಿಂದ ಹೋಗಿಲ್ಲ, ನಾ ಕಟ್ಟಿದ ದಾರದಿಂದ ಹೋಗೈತಿ. ಆ ಅಂಕ ತಗೀರಿ."

ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ತಾನು ಮಾಡಿದ ತಪ್ಪನ್ನು ತಾನೇ ಆ ಹುಡುಗನ ಮೇಲೆ ಸಾಕ್ಷಿಯಾಗಿ ತಂದಿದ್ದಳಲ್ಲ.

"ಹೆಂಗ ಹೋತು ಅಂತ ಕೇಳಂಗಿಲ್ಲಮ್ಮ," ಕಾವ್ಯಾ ಮೆಲ್ಲಗೆ ಹೇಳಿದಳು. "ಅವ ಇನ್ನ ಭಾಳ ದಿನ ತಡೆಯಂಗಿಲ್ಲ, ಅಷ್ಟ."

ರಕ್ತ ಪರೀಕ್ಷೆಯಲ್ಲಿ ಚನ್ನುವಿಗೆ ಹೊಂದಿತು. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಜೊತೆಗಿದ್ದು ಆರೈಕೆ ಮಾಡುವವರೊಬ್ಬರು ಒಪ್ಪಿಗೆ ಕೊಡಬೇಕಿತ್ತು. ಚನ್ನು ತನ್ನ ಮೇಸ್ತ್ರಿ ಹಂಪಯ್ಯನ ಹೆಸರು ಬರೆಸಿದ್ದ. ಕಾವ್ಯಾ ಫೋನು ಮಾಡಿದರೆ ಹಂಪಯ್ಯ ತನ್ನಿಂದ ಆಗದೆಂದುಬಿಟ್ಟ.

"ಬ್ಯಾರೆ ಯಾರದಾರ? ಯಾರೂ ಇಲ್ಲಾಂದ್ರ ಮುಂದಿನವ್ರಿಗೆ ಹೋಗತೈತಿ," ಎಂದಳು ಕಾವ್ಯಾ.

ಮುಂದಿನವನು ಚಂದ್ರಾಮ. ಪಕ್ಕದ ಬೆಂಚಿನಲ್ಲೇ ಕೂತಿದ್ದ. ಜನ್ಮದಲ್ಲೇ ಸುಮ್ಮನಿದ್ದು ಗೊತ್ತಿಲ್ಲದ ಗುಂಡಮ್ಮ ಅದೊಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು. ಇದ್ದಳು ಕೂಡ. ಚನ್ನು ಅವಳತ್ತ ತಿರುಗಿ ಅಂಗಲಾಚಿದ್ದರೆ ಬೈದು ಬಾಯಿ ಮುಚ್ಚಿಸುತ್ತಿದ್ದಳೋ ಏನೋ. ಅವನು ನೆಲ ನೋಡುತ್ತ ಕೂತ, ಅವಳನ್ನು ಏನೂ ಕೇಳಲಿಲ್ಲ. ಅದನ್ನು ಅವಳಿಂದ ತಡೆಯಲಾಗಲಿಲ್ಲ.

"ನಾ ಅದೀನ್ರಿ," ಎಂದಳು. ಕಾವ್ಯಾ ಒಮ್ಮೆ ಚಂದ್ರಾಮನ ಮುಖ ನೋಡಿದಳು, ಆಮೇಲೆ ಕಾಗದ ಮುಂದಿಟ್ಟಳು. ಗುಂಡಮ್ಮ ಹೆಬ್ಬೆಟ್ಟು ಒತ್ತಿದಳು.

ಬಂದು ಗಂಡನ ಪಕ್ಕ ಕೂತಳು. "ಅವಂಗ ನೀ ಅದಿ," ಎಂದ ಚಂದ್ರಾಮ. "ನನಗ ಯಾರದಾರ?"

ಸಿಟ್ಟಿನಿಂದ ಅಂದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ನಾನೇ ಅದೀನಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದು, ಚನ್ನುವಿನ ಕಡೆಯವರು ಯಾರು ಎಂದು ತೆಲುಗಿನಲ್ಲಿ ಕೂಗಿದಳು. ಗುಂಡಮ್ಮ ಎದ್ದು ಹೋದಳು.