ಹೊರಳಿಸಿ ಒತ್ತಿದ ಹೆಬ್ಬೆಟ್ಟು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹಾಗೆಯೇ ಆರು ವರ್ಷ ಕಳೆದವು. ಈಗ ಬರೆಯುತ್ತೇನೆ.

ನಾನು ಆಗ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳಿಗೆ ಪಾಳಿ ಚೀಟಿ ಕೊಡುವ ಗುಮಾಸ್ತ. ಐನಾಪುರದಿಂದ, ರಾಯಬಾಗದಿಂದ ಬಂದವರೆಲ್ಲ ನನ್ನ ಕಿಟಕಿಯ ಮುಂದೆ ನಿಂತು ನಮಸ್ಕಾರ ಎನ್ನುತ್ತಿದ್ದರು. ಆ ನಮಸ್ಕಾರದ ರುಚಿ ಹತ್ತಿತ್ತು. ಅಷ್ಟರಲ್ಲಿ ಅಕ್ಕೋಳದ ಒಬ್ಬ ಹುಡುಗಿ ನನ್ನ ಕಿಟಕಿಯ ಬದಲು ತಾನೇ ಚೀಟಿ ಕೊಡುವ ಟಚ್ ಸ್ಕ್ರೀನ್ ತಯಾರಿಸಿ ತಂದಳು. ಅದು ಅವಳ ಮೊದಲ ಕೆಲಸ. ಓದು ಬಾರದವರಿಗೂ ತಿಳಿಯಲೆಂದು, ಕಂಪ್ಯೂಟರಿನಲ್ಲಿ ಮೊದಲೇ ಇರುವ ಸಿದ್ಧ ಬಟನ್ ಬಿಟ್ಟು, ಒತ್ತಲು ಎತ್ತಿನ ಗಾಡಿ, ಟ್ರ್ಯಾಕ್ಟರ್ ಚಿತ್ರಗಳನ್ನು ತಾನೇ ಬಿಡಿಸಿದ್ದಳು.

“ಸಿದ್ಧ ಬಟನ್‌ಗೆ ಒತ್ತೂದು ಅಂದ್ರೇನಂತ ಗೊತ್ತಿರತೈತ್ರಿ ಕಾಕಾ. ನನ್ನ ಚಿತ್ರಕ್ಕ ಎಲ್ಲಾ ನಾನ ಹೇಳಿಕೊಡಬೇಕು. ಬೆರಳು ಊರಿದ್ದು, ಸರಿದಿದ್ದು, ಎತ್ತಿದ್ದು. ಊರಿ ಎತ್ತಿದ್ರ ಚೀಟಿ. ಸರಿದ್ರ ಪರದೆ ಮುಂದಕ್ಕ ಹೋಗತೈತಿ. ನಮ್ಮ ಮಂದಿ ಹೆಂಗ ಒತ್ತತಾರ, ನೀವ ಹೇಳ್ರಿ.”

“ಎಲ್ಲಾರೂ ಒತ್ತಿದಂಗ ಒತ್ತತಾರವ್ವ,” ಎಂದೆ.

ಮರುದಿನ ಮ್ಯಾನೇಜರ್ ನೋಡಲು ಬರುವ ಮೊದಲು ಗಾಡಿಯವರ ಬಳಿ ಹೋಗಿ ಹೇಳಿದೆ: “ಸೊಸೈಟ್ಯಾಗ ಹೆಬ್ಬಟ್ಟು ಒತ್ತೂ ಹಂಗ ಒತ್ರಿ. ಚಂದಂಗ ಹೊರಳಿಸ್ರಿ.” ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಹೆಬ್ಬೆಟ್ಟು ಊರಿದರು, ಎಡದಿಂದ ಬಲಕ್ಕೆ ಹೊರಳಿಸಿದರು. ಬೆರಳು ಸರಿಯಿತೆಂದು ಯಂತ್ರ ತಿಳಿಯಿತು. ಎತ್ತಿನ ಗಾಡಿ ಪರದೆಯ ಆಚೆ ಜಾರಿಹೋಯಿತು, ಚೀಟಿ ಬರಲಿಲ್ಲ.

“ಎತ್ತು ಹಗ್ಗ ಹರಕೊಂಡು ಓಡ್ಯಾವಲೇ,” ಎಂದ ಒಬ್ಬ. ಎಲ್ಲರೂ ನಕ್ಕರು, ನಾನೂ.

“ಎಂಟು ದಿನ ಕೊಡ್ರಿ ಸಾಹೇಬ್ರ, ಸರಿ ಮಾಡ್ತೇನಿ,” ಎಂದಳು ಆಕೆ.

“ಕಬ್ಬಿನ ಹಂಗಾಮು ನಿಂದ್ರಂಗಿಲ್ಲವ್ವ,” ಎಂದರು ಮ್ಯಾನೇಜರ್.

ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟಳು. ಹೋಗುವಾಗ ನನಗೊಬ್ಬನಿಗೇ “ಬರ್ತೇನ್ರಿ ಕಾಕಾ” ಎಂದಳು.

ಕಳೆದ ವಾರ ಚಿಕ್ಕೋಡಿಯ ಕಣ್ಣಿನ ದವಾಖಾನೆಗೆ ಹೋಗಿದ್ದೆ. ಅಲ್ಲಿಯೂ ಪಾಳಿಗೆ ಒಂದು ಪರದೆ, ಅದರ ಮೇಲೆ ಕಣ್ಣಿನ ಚಿತ್ರ. ನನ್ನ ಮುಂದಿದ್ದ ಅಜ್ಜಿ ಹೆಬ್ಬೆಟ್ಟು ಊರಿ ಹೊರಳಿಸಿದಳು. ಚಿತ್ರ ಈಗ ಜಾರಿಹೋಗುತ್ತದೆಂದು ಬಗ್ಗಿ ನೋಡಿದೆ. ಚೀಟಿ ಬಂತು.

ಯಾರು ಮಾಡಿದ್ದೆಂದು ನರ್ಸನ್ನು ಕೇಳಿದೆ.

“ಅಕ್ಕೋಳದ ಅಕ್ಕಾರು ಮಾಡ್ಯಾರ್ರಿ. ಹೆಬ್ಬಟ್ಟು ಚಿತ್ರದ ಒಳಗ ಎಷ್ಟ ಹೊರಳಿದ್ರೂ ಒತ್ತಿದಂಗ ಅಂತ ಅದಕ್ಕ ಕಲಿಸ್ಯಾರಂತ. ಸೋಮವಾರ ನೋಡಾಕ ಬರ್ತಾರ.”

ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ಈ ಹಾಳೆ ಜೇಬಿನಲ್ಲಿರುತ್ತದೆ, ಬಾಯಿಂದ ಮಾತು ಬರದಿದ್ದರೆ ಅವಳ ಕೈಗೇ ಕೊಡಲು. ನಾನು ತಪ್ಪಾಯಿತು ಎನ್ನಬೇಕಾದದ್ದು ಅವಳಿಗೆ, ನನ್ನನ್ನು ನಂಬಿ ಕಾಕಾ ಎಂದ ಆ ಅಕ್ಕೋಳದ ಹುಡುಗಿಗೆ.