ಬೂಟು ಹಾಕಿಕೊಂಡು ನಾಟಿಗೆ ಬಂದವರು

ಆಗ ನಾನು ಕುಮಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ನನ್ನ ಚಿತ್ರಗಳ ಎದುರು ಜನ ಅರೆಗಳಿಗೆ ನಿಂತು, ‘ಚೆಂದ ಉಂಟು’ ಎಂದು ಚಹಾ ಕುಡಿಯಲು ಹೋಗುತ್ತಿದ್ದರು. ಜನ ಒಳಗೇ ಕಾಲಿಡುವಂಥ ಚಿತ್ರವೂ ಇರುತ್ತದೆ ಎಂದು ತೋರಿಸಿದವಳು ಸೈಬರ್ ಕೆಫೆ ನಡೆಸುತ್ತಿದ್ದ ಗೆಳತಿ. ಎರಡು ಸಾವಿರದ ಏಳೋ ಎಂಟೋ ಇರಬೇಕು. ಇಂಟರ್‌ನೆಟ್ಟಿನಲ್ಲೊಂದು ಲೋಕವಿತ್ತು, ಎಲ್ಲೆಲ್ಲಿಯವರೋ ಅಲ್ಲಿ ಗೊಂಬೆಗಳಾಗಿ ತಿರುಗಾಡುತ್ತ, ಖಾಲಿ ಜಾಗ ಹಿಡಿದು ಬೇಕಾದ್ದು ಕಟ್ಟುತ್ತಿದ್ದರು. ನಾವೂ ಒಂದು ಜಾಗ ಹಿಡಿದೆವು. ಪಕ್ಕದವನದು ಅಮೃತಶಿಲೆಯ ಅರಮನೆ. ನಾನು ಚಿಕ್ಕಮ್ಮನ ಊರು ಹೊಳನಗದ್ದೆಯ ಫೋಟೋಗಳ ಮೇಲೆ ಬಣ್ಣ ತೀಡಿ ಒಂದು ಗದ್ದೆ ಮಾಡಿದೆ. ಕೆಸರು ಮುಟ್ಟಿದರೆ ಅಲ್ಲೊಂದು ಸಸಿ ಏಳುವಂತೆ ಗೆಳತಿ ಏರ್ಪಾಟು ಮಾಡಿದಳು.

ಯಾರೂ ಮುಟ್ಟಲಿಲ್ಲ. ಮೇಲಿಂದ ಹಾರಿಕೊಂಡು ಹೋದರು.

ಒಂದು ಭಾನುವಾರ ಹೊಳನಗದ್ದೆಯ ಚಿಕ್ಕಮ್ಮ ಪೇಟೆಗೆ ಬಂದಿದ್ದಳು. ತರಕಾರಿ ಬುಟ್ಟಿ ಕೆಫೆಯ ಬಾಗಿಲಲ್ಲಿಟ್ಟು ನನ್ನ ಹಿಂದೆ ನಿಂತು ನೋಡಿದಳು.

“ಹಾಡಿಲ್ದೆ ಗದ್ದೆ ನೆಟ್ಟಿಗೆ ಯಾರು ಬತ್ತಾರೆ ಮಗಾ?”

ಗೆಳತಿ ಅವಳ ತಲೆಗೆ ಹೆಡ್‌ಫೋನ್ ತೊಡಿಸಿ ಮೈಕನ್ನು ಬಾಯಿಯ ಹತ್ತಿರ ತಂದಳು. ಚಿಕ್ಕಮ್ಮ ಒಂದಿಷ್ಟೂ ಅಳುಕದೆ ನಾಟಿಯ ಹಾಡೆತ್ತಿದಳು. ಎರಡನೆಯ ನುಡಿ ಮುಗಿಯುವಷ್ಟರಲ್ಲಿ ಒಂದು ಗೊಂಬೆ ಇಳಿಯಿತು. ಆಮೇಲೆ ನಾಲ್ಕು, ಹತ್ತು. ರೆಕ್ಕೆಯವರು, ನರಿಮುಖದವರು, ಕೋಟು ತೊಟ್ಟವರು. ಸಸಿಗಳು ಏಳತೊಡಗಿದವು.

ಹಾಡು ಥಟ್ಟನೆ ನಿಂತಿತು.

“ಅಯ್ಯೋ, ಈ ನರಿ ಬೂಟು ಹಾಕ್ಕಂಡೇ ಗದ್ದೆಗೆ ಇಳ್ದದಲೇ! ತೆಗಿ ಹೇಳು!”

ನಾನು ಅದನ್ನೇ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ನರಿ ಕ್ಷಮೆ ಕೇಳಿ ಬೂಟು ಕಳಚಿತು. ಅದನ್ನು ನೋಡಿ ಎಲ್ಲರೂ ಕಳಚಿದರು. ಗಡಿಬಿಡಿಯಲ್ಲಿ ಒಬ್ಬನ ಪ್ಯಾಂಟೂ ಹೋಯಿತು. ಚಿಕ್ಕಮ್ಮ ಸೆರಗು ಬಾಯಿಗೊತ್ತಿಕೊಂಡಳು.

“ಆತು, ಈಗ ಹಿಂದೆ ಹಿಂದೆ ಸರೀರಿ. ಮುಂದೆ ಹೋದ್ರೆ ನೆಟ್ಟದ್ದನ್ನೇ ತುಳೀತ್ರಿ.”

ಗೊಂಬೆಗಳಿಗೆ ಹಿಂದೆ ನಡೆಯುವ ಅಭ್ಯಾಸವಿರಲಿಲ್ಲ. ಒಬ್ಬಳು ಸರಿಯುತ್ತ ಸರಿಯುತ್ತ ಗದ್ದೆಯಾಚೆಯ ಸಮುದ್ರಕ್ಕೇ ಬಿದ್ದಳು. ಆದರೂ ಮಧ್ಯಾಹ್ನದೊಳಗೆ ಗದ್ದೆ ತುಂಬಿತು. ನಾನು ಮೌಸ್ ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ನನ್ನ ಚಿತ್ರದೊಳಗೆ ಅಷ್ಟು ಜನ, ಅದೂ ಬರಿಗಾಲಲ್ಲಿ!

ಮುಂದಿನ ಶನಿವಾರ ಹೋಗಿ ನೋಡಿದರೆ, ನಾಟಿ ನಿಂತಿರಲಿಲ್ಲ. ಸಸಿಗಳು ಬದು ದಾಟಿ, ರಸ್ತೆ ದಾಟಿ, ಪಕ್ಕದವನ ಅರಮನೆಯ ಮೆಟ್ಟಿಲೇರಿ ಹಜಾರದಲ್ಲಿ ಸಾಲಾಗಿ ನಿಂತಿದ್ದವು. ಅವನಿಂದ ಉದ್ದದ ದೂರು ಬಂದಿತ್ತು. ಚಿಕ್ಕಮ್ಮನಿಗೆ ಹೇಳಿದೆ.

“ಅಷ್ಟು ಜಾಗ ಖಾಲಿ ಬಿಟ್ಕಂಡು ಕೂತ್ರೆ ಯಾರಾದ್ರೂ ನೆಡ್ತಾರೆ,” ಎಂದಳು.

ಎರಡು ದಿನ ಕೂತು ಒಂದೊಂದೇ ಕಿತ್ತೆ. ಮೆಟ್ಟಿಲ ಸಾಲಿಗೆ ಬಂದಾಗ ಅರಮನೆಯವನೇ ಎದುರು ಬಂದು ನಿಂತ. ಈ ಸಾಲೊಂದು ಇರಲಿ ಎಂದು ಬರೆದ. ಸ್ವಲ್ಪ ಹೊತ್ತು ಬಿಟ್ಟು, ಕೊಯ್ಲು ಯಾವಾಗ ಎಂದೂ ಕೇಳಿದ. ಕೊಯ್ಲನ್ನು ನಾನಾಗಲಿ ಗೆಳತಿಯಾಗಲಿ ಯೋಚಿಸಿಯೇ ಇರಲಿಲ್ಲ. ಹೊಳನಗದ್ದೆಗೆ ಫೋನು ಮಾಡಿದೆ.

“ಅವ್ನ ಬದಿಗೆ ಮಳೆ ಹೆಂಗುಂಟು, ಮೊದ್ಲು ಅದನ್ನ ಕೇಳು,” ಎಂದಳು ಚಿಕ್ಕಮ್ಮ.